ಕೆಳದವಡೆ 46–47: ಮೂರನೇ ವಾರಕ್ಕೆ ಮೆಂಬ್ರೇನ್ ಬಾಯಿಗೆ ತೆರೆದುಕೊಂಡಿದೆ. ತೆಗೆಯಬೇಕಾ, ಕಾಯಬೇಕಾ?

ಹರಿಹರ ಕ್ಲಿನಿಕ್ (ಪ್ರಶ್ನೆ)

ಇಂಪ್ಲಾಂಟ್‌ಗೆ ಮುಂಚೆ ಮೂಳೆ ಕಟ್ಟಿಸಿದ ಒಂದು ಕೇಸಿನ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಿತ್ತು.

ರೋಗಿ 52ರ ಗಂಡಸು, ಚನ್ನಗಿರಿ ಕಡೆಯವರು. 46, 47 (ಬಲಗಡೆ ಕೆಳಗಿನ ಮೊದಲ, ಎರಡನೇ ದವಡೆಹಲ್ಲು) ತೆಗೆಸಿ ವರ್ಷಗಳಾಗಿವೆ. ಸಿಬಿಸಿಟಿಯಲ್ಲಿ (ದವಡೆಯ 3ಡಿ ಸ್ಕ್ಯಾನ್) ರಿಡ್ಜ್ (ಹಲ್ಲು ಹೋದ ಜಾಗದ ಮೂಳೆಯ ದಿಬ್ಬ) ಅಗಲ 3 ಮಿ.ಮೀ., ನರದ ಕಾಲುವೆಯ ಮೇಲೆ ಎತ್ತರ 8 ಮಿ.ಮೀ. ಟೈಟಾನಿಯಂ ಪಟ್ಟಿ ಇರುವ ಡಿ-ಪಿಟಿಎಫ್ಇ ಮೆಂಬ್ರೇನ್ (ಕರಗದ, ಒತ್ತಾದ ಪ್ಲಾಸ್ಟಿಕ್ ತಡೆಹಾಳೆ) ಹಾಕಿ ಟ್ಯಾಕ್ (ಪುಟ್ಟ ಮೊಳೆ) ಹೊಡೆದಿದೆ. ಒಳಗೆ ಅವರದೇ ಮೂಳೆಯ ತುರಿ ಮತ್ತು ದನದ ಮೂಳೆಯ ಗ್ರಾಫ್ಟ್ (ಮೂಳೆ ಬೆಳೆಯಲು ತುಂಬುವ ಕಣ) ಅರ್ಧಕ್ಕರ್ಧ. ಅಗಲದ ಜೊತೆಗೆ ಎತ್ತರವನ್ನೂ 3 ಮಿ.ಮೀ. ಏರಿಸುವ ಉದ್ದೇಶ. ಸಕ್ಕರೆ ಕಾಯಿಲೆ ಇದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) 7.1. ಮೊದಲು ಎಲೆ ಅಡಿಕೆ ಹಾಕುತ್ತಿದ್ದರು, ಈಗ ಬಿಟ್ಟಿದ್ದೇನೆ ಅನ್ನುತ್ತಾರೆ.

18ನೇ ದಿನ 47ರ ಜಾಗದಲ್ಲಿ, ಹೊಲಿಗೆಯ ಗೆರೆಯ ಮೇಲೇ, ಬಿಳಿ ಮೆಂಬ್ರೇನ್ ಕಾಣುತ್ತಿದೆ. ಸುಮಾರು 2 ಮಿ.ಮೀ. ನೋವಿಲ್ಲ, ಊತ ಇಳಿದಿದೆ, ಕೀವು ಕಾಣಲಿಲ್ಲ. ಈಗಲೇ ತೆಗೆಯಬೇಕಾ? ಮತ್ತೆ ಹೊಲಿದು ಮುಚ್ಚಬಹುದಾ? ಆಂಟಿಬಯೋಟಿಕ್ ಮುಂದುವರಿಸಬೇಕಾ?

ಜೊತೆಗೆ ಇನ್ನೊಂದು. 21ರ (ಮೇಲಿನ ಎಡ ಮುಂದಿನ ಹಲ್ಲು) ಜಾಗದಲ್ಲಿ ತಾನಾಗಿ ಕರಗುವ ಕೊಲಾಜನ್ ಮೆಂಬ್ರೇನ್ ಹಾಕಿದ ಬೇರೆ ರೋಗಿಗೂ ಎರಡನೇ ವಾರದಲ್ಲಿ ಗಾಯ ಬಾಯಿ ಬಿಟ್ಟಿದೆ. ಅವರು ತೆಗೆದು ಹಾಕುವ ಹಲ್ಲು ಹಾಕಿಕೊಳ್ಳುತ್ತಿದ್ದಾರೆ. ಅದಕ್ಕೂ ಇದಕ್ಕೂ ಒಂದೇ ಉಪಚಾರವಾ?

ಪೆರಿಯೋ ದಾವಣಗೆರೆ

ಸದ್ಯಕ್ಕೆ ತೆಗೆಯಬೇಡಿ ಸರ್. ಮತ್ತೆ ಹೊಲಿಯುವ ಯೋಚನೆ ಪೂರ್ತಿ ಬಿಡಿ. ತೆರೆದುಕೊಂಡ ಮೆಂಬ್ರೇನ್ ಮೇಲೆ ಆಗಲೇ ಬ್ಯಾಕ್ಟೀರಿಯಾ ಪದರ ಕೂತಿರುತ್ತದೆ, ಅಂಚಿನ ಒಸಡಿಗೆ ಹೊಲಿಗೆ ಹಿಡಿಯುವ ಗಟ್ಟಿತನ ಇರುವುದಿಲ್ಲ. ಎಳೆದು ಕಟ್ಟಿದರೆ ದಾರ ಅಂಗಾಂಶವನ್ನು ಕೊಯ್ದುಕೊಂಡು ಬರುತ್ತದೆ, 2 ಮಿ.ಮೀ. ತೂತು ವಾರದಲ್ಲಿ 5 ಆಗುತ್ತದೆ.

ನಿರ್ಧಾರ ಮೂರು ಸಂಗತಿಯ ಮೇಲೆ ನಿಂತಿದೆ: ಮೆಂಬ್ರೇನ್ ಯಾವುದು, ತೂತು ಎಷ್ಟು, ಕೀವು ಇದೆಯೋ ಇಲ್ಲವೋ. ಕರಗದ ಮೆಂಬ್ರೇನ್‌ಗಳಿಗೆ 2011ರಲ್ಲಿ ಫೊಂಟಾನಾ ಮತ್ತು ಜೊತೆಗಾರರು ಮಾಡಿದ ವರ್ಗೀಕರಣ ಇವತ್ತಿಗೂ ಕೆಲಸಕ್ಕೆ ಬರುತ್ತದೆ. 3 ಮಿ.ಮೀ. ಒಳಗೆ, ಕೀವಿಲ್ಲ ಅಂದರೆ ಒಂದನೇ ವರ್ಗ. 3 ದಾಟಿದೆ, ಕೀವಿಲ್ಲ ಅಂದರೆ ಎರಡು. ತೂತಿನ ಜೊತೆ ಕೀವೂ ಇದ್ದರೆ ಮೂರು. ಒಸಡು ಮುಚ್ಚಿಕೊಂಡೇ ಇದ್ದು ಒಳಗೆ ಕೀವುಗಟ್ಟಿದ್ದರೆ ನಾಲ್ಕು. ಒಂದನೇ ವರ್ಗ ಮಾತ್ರ ಕಾಯುವಂಥದ್ದು. ಉಳಿದ ಮೂರರಲ್ಲೂ ಮೆಂಬ್ರೇನ್ ಹೊರಗೆ ಬರಬೇಕು, ತಡ ಮಾಡಿದಷ್ಟೂ ಗ್ರಾಫ್ಟ್ ಕಳೆದುಕೊಳ್ಳುತ್ತೀರಿ.

ಅಳತೆ ಕಣ್ಣಂದಾಜಿನಲ್ಲಿ ಬೇಡ. ಯುಎನ್‌ಸಿ-15 ಪ್ರೋಬ್ (ಮಿ.ಮೀ. ಗುರುತಿನ ಅಳತೆ ಕಡ್ಡಿ) ಅನ್ನು ತೂತಿನ ಮೇಲೆ ಅಡ್ಡ ಇಟ್ಟು ಉದ್ದಗಲ ಎರಡೂ ಬರೆದುಕೊಳ್ಳಿ. ಪ್ರೋಬನ್ನು ಫ್ಲಾಪ್ (ಬಿಡಿಸಿ ಮತ್ತೆ ಹೊಲಿದ ಒಸಡು) ಅಡಿಗೆ ತೂರಿಸಿ ಆಳ ನೋಡಬೇಡಿ, ಸೋಂಕನ್ನು ಕೈಯಾರೆ ಒಳಗೆ ತಳ್ಳಿದಂತಾಗುತ್ತದೆ. ಆಮೇಲೆ ಕೆನ್ನೆಯ ಕಡೆಯಿಂದ ಬೆರಳಿಟ್ಟು, ವೆಸ್ಟಿಬ್ಯೂಲ್ (ಕೆನ್ನೆಗೂ ಒಸಡಿಗೂ ನಡುವಿನ ಸಂದಿ) ತಳದಿಂದ ತೂತಿನ ಕಡೆಗೆ ಮೆಲ್ಲಗೆ ಒತ್ತಿಕೊಂಡು ಬನ್ನಿ. ನಾಲಿಗೆ ಕಡೆಯಿಂದಲೂ ಹಾಗೇ. ತೂತಿನ ಅಂಚಿನಲ್ಲಿ ಹಳದಿ ಹನಿ ಕಂಡರೆ ಅದು ಮೂರನೇ ವರ್ಗ, 2 ಮಿ.ಮೀ. ಅನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು. ಸುಮ್ಮನೆ ನೋಡಿದರೆ ಈ ಕೀವು ಕಾಣುವುದೇ ಇಲ್ಲ, ಅದಕ್ಕೇ ಒತ್ತಿ ನೋಡಿ ಅನ್ನುತ್ತಿದ್ದೇನೆ.

ಒತ್ತಿದರೂ ಏನೂ ಬರಲಿಲ್ಲ ಅಂದರೆ 0.2% ಕ್ಲೋರ್‌ಹೆಕ್ಸಿಡಿನ್ ಜೆಲ್ ದಿನಕ್ಕೆ ಎರಡು ಸಲ, ಹತ್ತಿಯ ಕಡ್ಡಿಯಲ್ಲಿ ತೂತಿನ ಮೇಲೆ. ಹಚ್ಚುವ ಮುಂಚೆ ತೀರಾ ಮೆತ್ತನೆಯ ಬ್ರಷ್‌ನಿಂದ ಮೆಂಬ್ರೇನ್ ಮೇಲಿನ ಪದರ ಒರೆಸಬೇಕು, ಕೊಳೆಯ ಮೇಲೆ ಜೆಲ್ ಹಚ್ಚಿದರೆ ಪ್ರಯೋಜನ ಕಡಿಮೆ. ಟೂತ್‌ಪೇಸ್ಟ್‌ಗೂ ಕ್ಲೋರ್‌ಹೆಕ್ಸಿಡಿನ್‌ಗೂ ನಡುವೆ ಅರ್ಧ ಗಂಟೆ ಬಿಡಲು ಹೇಳಿ, ಪೇಸ್ಟಿನಲ್ಲಿರುವ ನೊರೆಯ ಪದಾರ್ಥ ಔಷಧದ ಬಲ ಕುಗ್ಗಿಸುತ್ತದೆ. ಸಿರಿಂಜಿನಲ್ಲಿ ಔಷಧ ತುಂಬಿ ಫ್ಲಾಪ್ ಅಡಿಗೆ ರಭಸವಾಗಿ ಹೊಡೆಯಬೇಡಿ. ಗ್ರಾಫ್ಟ್ ಕಣ ಕದಲುತ್ತವೆ, ಮಾಯುತ್ತಿರುವ ಜೀವಕೋಶಗಳಿಗೂ ಅದು ವಿಷವೇ. ಒಂದನೇ ವರ್ಗಕ್ಕೆ ಆಂಟಿಬಯೋಟಿಕ್ ಬೇಕಿಲ್ಲ.

ವಾರಕ್ಕೊಮ್ಮೆ ನೀವೇ ನೋಡಬೇಕು, ಅದೇ ಕೋನದಿಂದ ಫೋಟೋ ತೆಗೆದಿಡಿ. ಹೀಗೆ ಕಾಯುವುದು ಹೆಚ್ಚೆಂದರೆ ಒಂದು ತಿಂಗಳು. ಹಳೆಯ ಇ-ಪಿಟಿಎಫ್ಇಯಲ್ಲಿ (ರಂಧ್ರ ದೊಡ್ಡದಿರುವ ಬಗೆ) ಬ್ಯಾಕ್ಟೀರಿಯಾ ಮೂರು ನಾಲ್ಕು ವಾರದಲ್ಲಿ ಮೆಂಬ್ರೇನ್ ದಾಟಿ ಒಳಗೆ ಹೋಗುತ್ತವೆ. ನಿಮ್ಮದು ಡಿ-ಪಿಟಿಎಫ್ಇ, ರಂಧ್ರ 0.3 ಮೈಕ್ರಾನ್‌ಗಿಂತ ಸಣ್ಣದು, ನೇರವಾಗಿ ತೂರುವುದು ಕಷ್ಟ. ಆದರೆ ಅಷ್ಟಕ್ಕೇ ನಿಶ್ಚಿಂತೆ ಬೇಡ, ಅವು ಅಂಚು ಸುತ್ತಿಕೊಂಡು ಅಡಿಗೆ ಇಳಿಯುತ್ತವೆ. ಹಲ್ಲು ಕಿತ್ತ ಕುಳಿಯ ಮೇಲೆ ಡಿ-ಪಿಟಿಎಫ್ಇಯನ್ನು ಬೇಕೆಂದೇ ತೆರೆದಿಟ್ಟು ನಾಲ್ಕು ವಾರಕ್ಕೆ ಎಳೆದು ತೆಗೆಯುವ ಪದ್ಧತಿ ಇದೆಯಲ್ಲ, ಅದನ್ನು ಇಲ್ಲಿಗೆ ಅನ್ವಯಿಸಬೇಡಿ. ಕುಳಿಗೆ ನಾಲ್ಕೂ ಕಡೆ ಗೋಡೆ ಇದೆ. ನೀವು ಮೇಲಕ್ಕೆ ಏರಿಸಿದ ಮೂಳೆಗೆ ಆಸರೆ ಅಂತ ಇರುವುದು ಆ ಮೆಂಬ್ರೇನ್ ಒಂದೇ.

ದುರ್ಗದ ಸರ್ಜನ್

ಮೇಡಂ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನನ್ನ ಮಾತು ಮುಂದಿನ ಕೇಸಿಗೆ. ಮೂರು ವಾರದೊಳಗೆ, ಅದೂ ಹೊಲಿಗೆಯ ಗೆರೆಯ ಮೇಲೇ ಬಾಯಿ ಬಿಟ್ಟಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಫ್ಲಾಪ್ ಬಿಗುವನ್ನು. ತಿಂಗಳು ಕಳೆದ ಮೇಲೆ, ಗೆರೆಯಿಂದ ದೂರದಲ್ಲಿ ತೂತಾದರೆ ಟೈಟಾನಿಯಂ ಪಟ್ಟಿಯ ಮೂಲೆ, ಟ್ಯಾಕ್ ತಲೆ, ಎದುರು ಹಲ್ಲು ಇವನ್ನು ನೋಡ್ರಿ.

ಬಿಗುವಿನ ಲೆಕ್ಕ ಚಿಕ್ಕದಲ್ಲ. 2010ರಲ್ಲಿ ಬರ್ಕ್‌ಹಾರ್ಟ್ ಮತ್ತು ಲ್ಯಾಂಗ್ ಅಳೆದು ತೋರಿಸಿದ ಪ್ರಕಾರ, ಮುಚ್ಚುವಾಗಿನ ಎಳೆತ 0.1 ನ್ಯೂಟನ್ ದಾಟಿದರೆ, ಅಂದರೆ ಸುಮಾರು 10 ಗ್ರಾಂ ತೂಕದಷ್ಟಾದರೆ, ತೆಳು ಫ್ಲಾಪ್‌ಗಳು ಬಿಚ್ಚಿಕೊಳ್ಳುವುದು ಬಹಳ ಹೆಚ್ಚುತ್ತದೆ. 1 ಮಿ.ಮೀ.ಗಿಂತ ದಪ್ಪ ಫ್ಲಾಪ್ ಸ್ವಲ್ಪ ತಾಳಿಕೊಳ್ಳುತ್ತದೆ. ಟೇಬಲ್ ಮೇಲೆ ಇದನ್ನು ಅಳೆಯಲು ಯಂತ್ರ ಬೇಡ: ಕೆನ್ನೆ ಫ್ಲಾಪನ್ನು ಚಿಮಟದಲ್ಲಿ ಹಿಡಿದು ತಂದರೆ ಎಳೆಯದೇ ನಾಲಿಗೆ ಫ್ಲಾಪ್ ಅಂಚನ್ನು ದಾಟಿ ಕನಿಷ್ಠ 5 ಮಿ.ಮೀ. ಮುಂದೆ ಹೋಗಿ ಕೂರಬೇಕು. ಎತ್ತರ ಏರಿಸುವ ಕೇಸಿಗೆ ಇನ್ನೂ ಹೆಚ್ಚು. ಈ ಪರೀಕ್ಷೆ ಗ್ರಾಫ್ಟ್ ತುಂಬುವ ಮುಂಚೆ ಆಗಬೇಕು. ತುಂಬಿ ಆದ ಮೇಲೆ ಫ್ಲಾಪ್ ಸಾಲದು ಅಂತ ಬ್ಲೇಡ್ ಹಿಡಿದರೆ ರಕ್ತ ಹರಿದು ಗ್ರಾಫ್ಟ್ ತೊಳೆದು ಹೋಗುತ್ತದೆ, ಮೆಂಬ್ರೇನ್ ಹಿಂದೆ ರಕ್ತ ಗಡ್ಡೆ ಕಟ್ಟುತ್ತದೆ.

ಕ್ರಮ ಹೀಗೆ. ಮೇಲಿನ ಸೀಳು ಗಟ್ಟಿ ಒಸಡಿನ ಮಧ್ಯೆಯೇ ಇರಲಿ, ಎರಡೂ ಬದಿಗೆ 2 ಮಿ.ಮೀ. ಗಟ್ಟಿ ಒಸಡು ಸಿಗುವಂತೆ. ನೇರ ಸೀಳು ಮೆಂಬ್ರೇನ್ ಅಂಚಿನ ಮೇಲೆ ಬೀಳದಂತೆ ಕನಿಷ್ಠ ಒಂದು ಹಲ್ಲು ಮುಂದೆ. ಫ್ಲಾಪನ್ನು ಪೂರ್ತಿ ದಪ್ಪದಲ್ಲಿ, ಕೊರತೆಯ ಅಂಚಿನಿಂದ 5 ಮಿ.ಮೀ. ಆಚೆವರೆಗೆ ಬಿಡಿಸಿ. ಆಮೇಲೆ ಹೊಸ 15ಸಿ ಬ್ಲೇಡ್. ಹಳೆ ಬ್ಲೇಡಿನಲ್ಲಿ ಇದನ್ನು ಮಾಡಬೇಡ್ರಿ, ಅದು ಕೊಯ್ಯುವುದಿಲ್ಲ, ಹರಿಯುತ್ತದೆ. ಫ್ಲಾಪನ್ನು ಹಗುರಾಗಿ ಎಳೆದು ಹಿಡಿದು, ಒಳಮೈಯಲ್ಲಿ ಬೆಳ್ಳಗೆ ಹೊಳೆಯುವ ಪಿರಿಯಾಸ್ಟಿಯಂ (ಮೂಳೆಯ ಹೊದಿಕೆ ಪದರ) ಅನ್ನು ಒಂದೇ ಅಖಂಡ ಗೆರೆಯಲ್ಲಿ, ಈ ನೇರ ಸೀಳಿನಿಂದ ಆ ನೇರ ಸೀಳಿನವರೆಗೆ, ಅರ್ಧ ಮಿ.ಮೀ. ಆಳಕ್ಕೆ ಕೊಯ್ಯಿರಿ. ಗೆರೆ ಎಲ್ಲಾದರೂ ತುಂಡಾದರೆ ಆ ಒಂದು ಉಳಿದ ಎಳೆ ಇಡೀ ಫ್ಲಾಪನ್ನು ಹಿಡಿದು ನಿಲ್ಲಿಸುತ್ತದೆ. ಕೊಯ್ದ ಕೂಡಲೇ ಬಾಯಿ ತೆರೆದು ಕೆಂಪು ಅಂಗಾಂಶ ಕಾಣುತ್ತದೆ, ಅಲ್ಲಿಂದ ಮುಂದೆ ಬ್ಲೇಡ್ ಬೇಡ, ಮೊಂಡು ಕತ್ತರಿಯನ್ನು ಒಳಗಿಟ್ಟು ಅಗಲಿಸುತ್ತಾ ಹೋದರೆ ಸಾಕು. ಆಳಕ್ಕೆ ಕೊಯ್ದರೆ ಫ್ಲಾಪಿನ ರಕ್ತನಾಳವೇ ಹೋಗುತ್ತದೆ, ಬಿಗುವು ಇಲ್ಲದಿದ್ದರೂ ಅಂಚು ಕಪ್ಪಾಗಿ ಉದುರುತ್ತದೆ.

46ರ ಮುಂಭಾಗದಲ್ಲಿ ಮೆಂಟಲ್ ನರ (ಕೆಳತುಟಿಗೆ ಹೋಗುವ ನರ). ಅದನ್ನು ಮೊದಲು ಕಣ್ಣಿಗೆ ಕಾಣುವಂತೆ ಬಿಡಿಸಿಕೊಂಡು, ಕೊಯ್ಯುವ ಗೆರೆಯನ್ನು ಅದರಿಂದ 5 ಮಿ.ಮೀ. ಮೇಲೆ ಇಡಿ. ತುಟಿ ಜೋಮು ಹಿಡಿಯುವುದು ಮೆಂಬ್ರೇನ್ ತೆರೆದುಕೊಳ್ಳುವುದಕ್ಕಿಂತ ದೊಡ್ಡ ತೊಂದರೆ, ಕೆಲವೊಮ್ಮೆ ಹೋಗುವುದೇ ಇಲ್ಲ.

ನಾಲಿಗೆ ಕಡೆಯ ಫ್ಲಾಪನ್ನು ಎಷ್ಟೋ ಜನ ಮುಟ್ಟುವುದೇ ಇಲ್ಲ, ಎಲ್ಲ ಎಳೆತವನ್ನೂ ಕೆನ್ನೆ ಕಡೆಗೇ ಹೊರಿಸುತ್ತಾರೆ. ದವಡೆಹಲ್ಲಿನ ಜಾಗದಲ್ಲಿ ಬಾಯಿಯ ತಳದ ಮೈಲೋಹಯಾಯ್ಡ್ ಸ್ನಾಯುವಿನವರೆಗೆ ಬಿಡಿಸಿ, ಸ್ನಾಯುವಿಗೆ ಅಂಟಿದ ನಾರನ್ನು ಬೆರಳಿನಿಂದಲೋ ಮೊಂಡು ಉಪಕರಣದಿಂದಲೋ ಮೆಲ್ಲಗೆ ಸರಿಸಿದರೆ ಫ್ಲಾಪ್ ತಾನೇ ಮೇಲೆ ಬರುತ್ತದೆ. ಅಲ್ಲಿ ಚೂಪಾದ ಯಾವುದನ್ನೂ ಒಯ್ಯಬೇಡಿ. ಸಬ್‌ಲಿಂಗ್ವಲ್ ರಕ್ತನಾಳ ಹರಿದರೆ ಬಾಯಿಯ ತಳ ಊದಿ ನಾಲಿಗೆ ಹಿಂದಕ್ಕೆ ಹೋಗಿ ಉಸಿರುದಾರಿ ಕಟ್ಟುತ್ತದೆ. ಹಾಗಾದರೆ ಎರಡೂ ಕಡೆಯಿಂದ ಒತ್ತಿ ಹಿಡಿದು ನೇರ ಆಸ್ಪತ್ರೆಗೆ, ಕ್ಲಿನಿಕ್ಕಿನಲ್ಲಿ ಕಾಯುವ ಮಾತೇ ಇಲ್ಲ.

ಮೆಂಬ್ರೇನ್ ಅಂಚು ಪಕ್ಕದ ಹಲ್ಲಿನಿಂದ 1.5–2 ಮಿ.ಮೀ. ದೂರ ಇರಲಿ, ತಾಗಿದರೆ ಹಲ್ಲಿನ ಸುತ್ತಲ ಬಿರುಕಿನಿಂದಲೇ ಸೋಂಕು ಇಳಿಯುತ್ತದೆ. ಮೂಲೆಗಳನ್ನೆಲ್ಲ ದುಂಡಗೆ ಕತ್ತರಿಸಿ. ನಾಲಿಗೆ ಕಡೆ ಮೊದಲು ಟ್ಯಾಕ್, ಆಮೇಲೆ ಗ್ರಾಫ್ಟ್, ಕೊನೆಗೆ ಕೆನ್ನೆ ಕಡೆ. ಮೆಂಬ್ರೇನನ್ನು ಬೆರಳಿನಿಂದ ತಳ್ಳಿದರೆ ಅದು ಅಲುಗಾಡಬಾರದು.

ಹೊಲಿಗೆ ಎರಡು ಸಾಲು. ಅಂಚಿನಿಂದ 4–5 ಮಿ.ಮೀ. ಹಿಂದೆ ಅಡ್ಡ ಮ್ಯಾಟ್ರೆಸ್ (ಅಂಚುಗಳನ್ನು ಅಗಲವಾಗಿ ಸೇರಿಸುವ ಹೊಲಿಗೆ), ಎರಡೂ ಫ್ಲಾಪಿನ ಒಳಮೈ ಒಂದಕ್ಕೊಂದು ತಾಗಿ ನಿಲ್ಲಬೇಕು. ಅದರ ಮೇಲೆ ಬಿಡಿ ಹೊಲಿಗೆ, 3 ಮಿ.ಮೀ.ಗೊಂದು. ಪಿಟಿಎಫ್ಇ ದಾರ ಅಥವಾ 5-0 ಒಂಟಿ ಎಳೆಯ ನೈಲಾನ್. ರೇಷ್ಮೆ ಬೇಡ, ಹೆಣೆದ ದಾರ ಎಂಜಲನ್ನು ಹೀರಿ ಒಳಗೆ ಸಾಗಿಸುತ್ತದೆ. ಗಂಟು ಬಿಗಿದ ಕೂಡಲೇ ಅಂಚು ಬಿಳಿಚಿಕೊಂಡರೆ ಬಿಚ್ಚಿ, ಇನ್ನೊಮ್ಮೆ ಸಡಿಲಿಸಿ. ಮೇಲಿನ ಬಿಡಿ ಹೊಲಿಗೆ 10–14 ದಿನಕ್ಕೆ, ಮ್ಯಾಟ್ರೆಸ್ ಎರಡರಿಂದ ಮೂರು ವಾರಕ್ಕೆ.

ಹರಿಹರ ಕ್ಲಿನಿಕ್

ಧನ್ಯವಾದ ಮೇಡಂ, ಸರ್. ರೋಗಿಯನ್ನು ಇವತ್ತೇ ಕರೆಸಿ ಎರಡೂ ಕಡೆಯಿಂದ ಒತ್ತಿ ನೋಡಿದೆ, ಏನೂ ಬರಲಿಲ್ಲ. ಪ್ರೋಬಿನಲ್ಲಿ 2 × 1.5 ಮಿ.ಮೀ. ಜೆಲ್ ಶುರು ಮಾಡಿದ್ದಾಗಿದೆ. 21ರ ಕೊಲಾಜನ್ ಕೇಸಿಗೆ ಯಾರಾದರೂ ಹೇಳ್ತೀರಾ? ಗಾಯದ ಮೇಲೆ ಪಿಆರ್‌ಎಫ್ (ರೋಗಿಯ ರಕ್ತದಿಂದಲೇ ಮಾಡುವ ಪದರ) ಇಟ್ಟರೆ ಅದೇ ಮೆಂಬ್ರೇನ್ ಕೆಲಸ ಮಾಡುತ್ತದೆ ಅಂತಲೂ ಕೇಳಿದ್ದೇನೆ.

ಪ್ರಾಸ್ತೋ ವಿದ್ಯಾನಗರ

ಕೊಲಾಜನ್‌ನಲ್ಲಿ ತೂತಿನ ಅಳತೆಗೆ ಅಷ್ಟು ಮಹತ್ವ ಇಲ್ಲ. ಬಾಯಿಗೆ ತೆರೆದುಕೊಂಡ ಕೊಲಾಜನ್ ಅನ್ನು ಬ್ಯಾಕ್ಟೀರಿಯಾದ ಕಿಣ್ವಗಳು ಬೇಗ ಕರಗಿಸಿಬಿಡುತ್ತವೆ, ನೀವು ತೆಗೆಯಲು ಹೋದರೂ ಕೈಗೆ ಸಿಗುವುದು ಲೋಳೆ. ಕೀವಿಲ್ಲದಿದ್ದರೆ ಹಾಗೇ ಬಿಡಿ, ಕೆಳಗಿನಿಂದ ಅಂಗಾಂಶ ಬೆಳೆದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕ್ಲೋರ್‌ಹೆಕ್ಸಿಡಿನ್ 0.2%, 10 ಮಿ.ಲೀ., ಒಂದು ನಿಮಿಷ, ದಿನಕ್ಕೆರಡು ಸಲ. ಮೇಲಕ್ಕೆ ಬಂದ ಸಡಿಲ ಗ್ರಾಫ್ಟ್ ಕಣಗಳಿದ್ದರೆ ಅವನ್ನಷ್ಟೇ ತೆಗೆಯಿರಿ. ನಷ್ಟ ಇಲ್ಲವೇ ಅಂದರೆ ಇದೆ. ತಡೆಗೋಡೆ ಬೇಗ ಹೋದ ಜಾಗದಲ್ಲಿ ಮೂಳೆಯ ಬದಲು ಮೃದು ಅಂಗಾಂಶ ಇಳಿದಿರುತ್ತದೆ, ಸಾಮಾನ್ಯವಾಗಿ ರಿಡ್ಜ್ ತುದಿಯಲ್ಲಿ. 21ರಲ್ಲಿ ಅದು ನಕ್ಕಾಗ ಕಾಣುವ ಜಾಗ, ಹಾಗಾಗಿ ಇಂಪ್ಲಾಂಟ್ ಹಾಕುವ ದಿನ ಇನ್ನೊಂದಿಷ್ಟು ಗ್ರಾಫ್ಟ್ ಬೇಕಾಗಬಹುದು ಅಂತ ರೋಗಿಗೆ ಈಗಲೇ ಹೇಳಿಡಿ. ಕ್ರಾಸ್‌ಲಿಂಕ್ ಮಾಡಿದ ಕೊಲಾಜನ್ ನಿಧಾನಕ್ಕೆ ಕರಗುತ್ತದೆ ನಿಜ, ಆದರೆ ತೆರೆದುಕೊಂಡರೆ ಗಾಯ ಮುಚ್ಚುವುದೂ ತಡ.

ಈ ಕೇಸಿನಲ್ಲಿ ನನ್ನ ಅನುಮಾನ ಆ ತೆಗೆದು ಹಾಕುವ ಹಲ್ಲಿನ ಮೇಲೆ. ಶಸ್ತ್ರಕ್ರಿಯೆ ಆದ ಎರಡು ಮೂರು ದಿನಕ್ಕೆ ಊತ ಅತಿ ಹೆಚ್ಚು ಇರುತ್ತದೆ. ಮುಂಚೆ ಸರಿಯಾಗಿ ಕೂರುತ್ತಿದ್ದ ಪ್ಲೇಟ್ ಆಗ ಒಸಡನ್ನು ಮೂಳೆಯ ಮೇಲೆ ಒತ್ತುತ್ತದೆ, ರಕ್ತ ಓಡುವುದಿಲ್ಲ. ಪ್ರೆಶರ್ ಪೇಸ್ಟ್ ಹಚ್ಚಿ ಕೂರಿಸಿ ನೋಡಿ, ಪೇಸ್ಟ್ ಅಳಿಸಿಹೋದ ಜಾಗ ಗಾಯಕ್ಕೆ ಸರಿಯಾಗಿ ಹೊಂದುತ್ತದೆ. ಅಕ್ರಿಲಿಕ್ ಬರ್‌ನಿಂದ ಮುಂಭಾಗದ ಫ್ಲಾಂಜ್ (ಒಸಡಿನ ಮೇಲೆ ಬರುವ ಅಂಚು) ಪೂರ್ತಿ ತೆಗೆದು, ಹಲ್ಲಿನ ತಳಕ್ಕೂ ಒಸಡಿಗೂ ಮಧ್ಯೆ 2–3 ಮಿ.ಮೀ. ಬಿಡಿ. ಸಾಫ್ಟ್ ಲೈನರ್ ಹಚ್ಚಿ ಆಯಿತು ಅಂದುಕೊಳ್ಳಬೇಡಿ, ಅದು ಕೆಲವೇ ವಾರದಲ್ಲಿ ಗಟ್ಟಿಯಾಗುತ್ತದೆ. ಅದಕ್ಕಿಂತ ಪಾರದರ್ಶಕ ವ್ಯಾಕ್ಯೂಮ್ ಶೀಟಿನಲ್ಲಿ ಹಲ್ಲು ಕೂರಿಸಿ ಕೊಡುವುದೋ, ಪಕ್ಕದ ಹಲ್ಲಿಗೆ ಅಂಟಿಸುವ ತಾತ್ಕಾಲಿಕ ಬ್ರಿಡ್ಜೋ ಒಳ್ಳೆಯದು, ಭಾರವನ್ನು ಹಲ್ಲು ಹೊರುತ್ತದೆ. ಮದುವೆ ಮುಂಜಿ ಇದೆ, ಹಲ್ಲಿಲ್ಲದೆ ಹೋಗಲ್ಲ ಅನ್ನುವವರಿಗೆ ಈ ವ್ಯವಸ್ಥೆ ಶಸ್ತ್ರಕ್ರಿಯೆಗೆ ಮುಂಚೆಯೇ ಆಗಿರಬೇಕು.

ಪಿಆರ್‌ಎಫ್ ವಿಷಯ: ಅದು ಒಂದೆರಡು ವಾರದಲ್ಲಿ ಕರಗುವ ಫೈಬ್ರಿನ್. ಮೃದು ಅಂಗಾಂಶ ಮಾಯಲು ನೆರವಾಗುತ್ತದೆ, ಮೆಂಬ್ರೇನ್ ಮೇಲೆ ಫ್ಲಾಪಿನ ಅಡಿಗೆ ಹಾಸಬಹುದು. ತಿಂಗಳುಗಟ್ಟಲೆ ತಡೆ ಹಿಡಿಯಬೇಕಾದ ಕಡೆ ಅದೊಂದನ್ನೇ ನಂಬಿದರೆ ಗ್ರಾಫ್ಟ್ ಸುತ್ತ ನಾರು ಬೆಳೆದಿರುತ್ತದೆ.

ಓರಲ್ ಮೆಡಿಸಿನ್ ಹೊಳಲ್ಕೆರೆ

ಎಲ್ಲರೂ ಫ್ಲಾಪ್ ಬಗ್ಗೆ ಹೇಳಿದಿರಿ, ಆ ಫ್ಲಾಪ್ ಯಾವ ಬಾಯಿಯದು ಅನ್ನುವುದನ್ನೂ ನೋಡೋಣ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಮನೆಯಲ್ಲೇ ಇರುತ್ತದೆ. ಬಿಟ್ಟಿದ್ದೇನೆ ಅನ್ನುವವರೂ ತೋಟದಲ್ಲಿ, ಸುಲಿಯುವ ಕಡೆ ಒಂದು ಹೋಳು ಬಾಯಿಗೆ ಹಾಕಿರುತ್ತಾರೆ, ಅದನ್ನು ಹಾಕಿದ್ದು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಎಲೆ ಅಡಿಕೆ ಹಾಕ್ತೀರಾ" ಅಂತ ಕೇಳಿದರೆ ಇಲ್ಲ ಅಂತಲೇ ಬರುತ್ತದೆ. "ಇವತ್ತು ಬೆಳಗ್ಗೆಯಿಂದ ಬಾಯಿಗೆ ಏನೇನು ಹಾಕಿದ್ರಿ" ಅಂತ ಕೇಳಿ. ಅವರು ಯಾವ ಕಡೆ ಇಟ್ಟುಕೊಳ್ಳುತ್ತಾರೆ ಅನ್ನುವುದನ್ನೂ ಕೇಳಿ. ಬಹುತೇಕ ಕೆಳಗಿನ ದವಡೆಹಲ್ಲಿನ ಪಕ್ಕ, ಕೆನ್ನೆಯ ಸಂದಿಯಲ್ಲಿ. ನಿಮ್ಮ 46–47ರ ಫ್ಲಾಪ್ ಇರುವುದೂ ಅದೇ ಜಾಗದಲ್ಲಿ. ಸುಣ್ಣ ಗಾಯದ ಅಂಚನ್ನು ಸುಡುತ್ತದೆ, ಅಡಿಕೆಯ ಚೂರು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ, ತಂಬಾಕು ಜೊತೆಗಿದ್ದರೆ ರಕ್ತನಾಳ ಕುಗ್ಗುತ್ತವೆ.

ಇದಕ್ಕಿಂತ ಮುಖ್ಯ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯ ಅರೆಕೋಲಿನ್‌ನಿಂದ ಒಳಚರ್ಮದ ಅಡಿಗೆ ಕೊಲಾಜನ್ ಸೇರುತ್ತಾ ಹೋಗುತ್ತದೆ, ಚರ್ಮ ಬಿಳಿಚಿ ಗಡುಸಾಗುತ್ತದೆ. ಸರ್ಜನ್ ಸರ್ ಹೇಳಿದ ಹಾಗೆ ಎಷ್ಟೇ ಚೆನ್ನಾಗಿ ಪಿರಿಯಾಸ್ಟಿಯಂ ಕೊಯ್ದರೂ ಇಂಥ ಫ್ಲಾಪ್ ಮುಂದೆ ಬರುವುದಿಲ್ಲ, ಯಾಕೆಂದರೆ ಹಿಡಿದಿರುವುದು ಪಿರಿಯಾಸ್ಟಿಯಂ ಮಾತ್ರ ಅಲ್ಲ, ಅದರ ಮೇಲಿನ ಪದರವೇ ನಾರಾಗಿದೆ. ರಕ್ತದ ಓಟವೂ ಕಡಿಮೆ. ಹಾಗಾಗಿ ಕೇಸು ಒಪ್ಪಿಕೊಳ್ಳುವ ಮುಂಚೆ ಬಾಯಿ ಎಷ್ಟು ತೆರೆಯುತ್ತದೆ ಅಂತ ಮುಂದಿನ ಹಲ್ಲುಗಳ ನಡುವೆ ಸ್ಕೇಲ್ ಇಟ್ಟು ಬರೆದುಕೊಳ್ಳಿ. ಕೆನ್ನೆಯೊಳಗೆ ಬೆರಳಾಡಿಸಿ ನೇರಕ್ಕೆ ನಿಂತ ಹುರಿಯಂಥ ಪಟ್ಟಿ ಸಿಗುತ್ತದಾ ನೋಡಿ. 35 ಮಿ.ಮೀ.ಗಿಂತ ಕಡಿಮೆ ತೆರೆದು, ಪಟ್ಟಿಯೂ ಸಿಕ್ಕರೆ ಎತ್ತರ ಏರಿಸುವ ಶಸ್ತ್ರಕ್ರಿಯೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ರೋಗಿಗೆ ನರದ ಮೇಲೆ 8 ಮಿ.ಮೀ. ಇತ್ತು. 2 ಮಿ.ಮೀ. ಸುರಕ್ಷಿತ ಅಂತರ ಬಿಟ್ಟರೂ 6 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟ್‌ಗೆ ಜಾಗ ಇದೆ, ಆಗ ಅಗಲ ಮಾತ್ರ ಕಟ್ಟಿಸಿದರೆ ಸಾಕು. ಅಗಲಕ್ಕೆ ಬೇಕಾಗುವ ಫ್ಲಾಪ್ ಎಳೆತ ಎತ್ತರಕ್ಕಿಂತ ಬಹಳ ಕಡಿಮೆ.

ಇನ್ನೊಂದು ಎಚ್ಚರಿಕೆ. ಅಡಿಕೆ ಹಾಕುವ ಬಾಯಲ್ಲಿ ತೂತಿನ ಅಂಚು ಗಂಟುಗಂಟಾಗಿ ಗಟ್ಟಿಯಾದರೆ, ಎರಡು ವಾರ ಆರೈಕೆ ಮಾಡಿದರೂ ಹುಣ್ಣು ಹಾಗೇ ಉಳಿದರೆ, ಅದನ್ನು ಮೆಂಬ್ರೇನ್ ತೊಂದರೆ ಅಂತಲೇ ಬರೆದು ಸುಮ್ಮನಾಗಬೇಡಿ. ಬಯಾಪ್ಸಿ ಮಾಡಿಸಿ. ದಾವಣಗೆರೆಯ ಎರಡೂ ಡೆಂಟಲ್ ಕಾಲೇಜುಗಳಲ್ಲಿ ಓರಲ್ ಪೆಥಾಲಜಿ ವಿಭಾಗ ಇದೆ.

ಊಟದ ವಿಷಯದಲ್ಲಿ "ಮೆತ್ತಗಿನದು ತಿನ್ನಿ" ಅಂತ ಹೇಳಿ ಕಳಿಸಿದರೆ ನಮ್ಮ ಕಡೆ ಮಂಡಕ್ಕಿಯನ್ನೂ ಮೆತ್ತಗಿನದೇ ಅಂದುಕೊಳ್ಳುತ್ತಾರೆ. ಮಂಡಕ್ಕಿ, ಮಿರ್ಚಿ, ಖಡಕ್ ರೊಟ್ಟಿ ಬೇಡ ಅಂತ ಹೆಸರು ಹಿಡಿದೇ ಬರೆದುಕೊಡಿ. ಅಂಬಲಿ, ಮೊಸರನ್ನ, ಮೆತ್ತಗೆ ಬೇಯಿಸಿದ ಮುದ್ದೆ ಆದೀತು, ಬಿಸಿ ಆರಿದ ಮೇಲೆ. ಮೆಂಬ್ರೇನ್, ಗ್ರಾಫ್ಟ್ ದನದ್ದೋ ಹಂದಿಯದ್ದೋ ಅನ್ನುವುದನ್ನೂ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಿ. ಸಸ್ಯಾಹಾರಿ ಮನೆಯವರು, ಮುಸ್ಲಿಂ ಮನೆಯವರು ಆಮೇಲೆ ತಿಳಿದು ನೊಂದುಕೊಳ್ಳುವುದು ನ್ಯಾಯವಲ್ಲ. ಬೇಡ ಅಂದವರಿಗೆ ಪಿಟಿಎಫ್ಇ ಇದೆ, ಕೃತಕ ಪಾಲಿಮರ್ ಮೆಂಬ್ರೇನ್ ಇದೆ, ಅವರದೇ ಮೂಳೆ ಇದೆ.

ಹರಿಹರ ಕ್ಲಿನಿಕ್

ಬಾಯಿ 38 ಮಿ.ಮೀ. ತೆರೆಯುತ್ತದೆ ಮೇಡಂ, ಪಟ್ಟಿ ಸಿಗಲಿಲ್ಲ. ಅಡಿಕೆ ಮಾತ್ರ ನೀವು ಹೇಳಿದಂತೆ ಪೂರ್ತಿ ಬಿಟ್ಟಿಲ್ಲ. ಕೊನೆಯದಾಗಿ, ನಡುವೆ ತೆಗೆಯಲೇಬೇಕಾಗಿ ಬಂದರೆ ಒಳಗೆ ಎಷ್ಟು ಕೆರೆಯಬೇಕು, ಎಷ್ಟು ಬಿಡಬೇಕು?

ಪೆರಿಯೋ ದಾವಣಗೆರೆ

ಕಾರಣದ ಮೇಲೆ ಹೋಗುತ್ತದೆ. ಕೀವಿಲ್ಲದೆ, ತೂತು 3 ಮಿ.ಮೀ. ದಾಟಿದ್ದಕ್ಕೆ ಅಥವಾ ತಿಂಗಳು ತುಂಬಿದ್ದಕ್ಕೆ ತೆಗೆಯುತ್ತಿದ್ದರೆ: ಅರಿವಳಿಕೆ ಕೊಟ್ಟು ಸಣ್ಣ ಫ್ಲಾಪ್ ಎತ್ತಿ, ಟ್ಯಾಕ್‌ಗಳನ್ನು ಎಣಿಸಿ ತೆಗೆದು, ಮೆಂಬ್ರೇನನ್ನು ನಿಧಾನ ಸರಿಸಿ. ಅಡಿಗೆ ಕೆಂಪಗೆ, ರಬ್ಬರಿನಂತೆ ಬಿಗಿಯಾದ ಅಂಗಾಂಶ ಇರುತ್ತದೆ, ಗ್ರಾಫ್ಟ್ ಕಣಗಳು ಅದರಲ್ಲಿ ಹುದುಗಿರುತ್ತವೆ. ಅದನ್ನು ಕೆರೆಯಬೇಡಿ, ಮುಂದೆ ಮೂಳೆ ಆಗಬೇಕಾದ್ದೇ ಅದು. ಸಲೈನಿನಲ್ಲಿ ತೊಳೆದು, ಉದುರುವ ಕಣ ತೆಗೆದು, ಬಿಗುವಿಲ್ಲದೆ ಮುಚ್ಚಿ. ಇಂಪ್ಲಾಂಟ್‌ಗೆ ಮೊದಲ ಶಸ್ತ್ರಕ್ರಿಯೆಯಿಂದ ಆರು ಒಂಬತ್ತು ತಿಂಗಳು ಅನ್ನುವ ಲೆಕ್ಕ ಹಾಗೇ ಇರಲಿ.

ಕೀವು ಇದ್ದರೆ ಧೈರ್ಯ ಮಾಡಬೇಕು. ಬೂದು ಬಣ್ಣದ, ವಾಸನೆ ಬರುವ, ಕ್ಯುರೆಟ್ (ಕೆರೆಯುವ ಉಪಕರಣ) ತಾಗಿದರೆ ಸುಮ್ಮನೆ ಬರುವ ಗ್ರಾಫ್ಟ್ ಅಷ್ಟೂ ತೆಗೆಯಿರಿ, ಗಟ್ಟಿಯಾಗಿ ರಕ್ತ ಒಸರುವ ತಳ ಸಿಗುವವರೆಗೆ. ಅಮಾಕ್ಸಿಸಿಲಿನ್ 500 ಮತ್ತು ಮೆಟ್ರೊನಿಡಜೋಲ್ 400 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಐದರಿಂದ ಏಳು ದಿನ, ಪೆನಿಸಿಲಿನ್ ಅಲರ್ಜಿ ಇಲ್ಲ ಅಂತ ಕೇಳಿಕೊಂಡು. ಅದೇ ದಿನ ಹೊಸ ಗ್ರಾಫ್ಟ್, ಹೊಸ ಮೆಂಬ್ರೇನ್ ಹಾಕುವುದು ಬೇಡ.

ನಾಲ್ಕನೇ ವರ್ಗವನ್ನು ಮರೆಯಬೇಡಿ. ಒಸಡು ಮುಚ್ಚಿದೆ, ಹೊಲಿಗೆ ಚೆನ್ನಾಗಿದೆ, ಆದರೆ ಇಳಿದ ಊತ ಮತ್ತೆ ಬಂತು, ಒತ್ತಿದರೆ ನೀರು ತುಂಬಿದ ಹಾಗೆ ಅಲುಗುತ್ತದೆ, ಇಲ್ಲವೇ ಕೆನ್ನೆ ಕಡೆ ಒಂದು ಚಿಕ್ಕ ಗುಳ್ಳೆ ಕೀವು ಬಿಡುತ್ತಿದೆ ಅಂದರೆ ಮಾತ್ರೆ ಬರೆದುಕೊಟ್ಟು ವಾರ ಬಿಟ್ಟು ಬನ್ನಿ ಅನ್ನಬಾರದು. ಮಾತ್ರೆಗೆ ಊತ ಇಳಿಯುತ್ತದೆ, ಮೆಂಬ್ರೇನ್ ಮೇಲಿನ ಸೋಂಕು ಹೋಗುವುದಿಲ್ಲ, ಅಷ್ಟರಲ್ಲಿ ಪಕ್ಕದ ಹಲ್ಲು 45ರ ಮೂಳೆಯೂ ಕರಗುತ್ತದೆ.

ಮತ್ತೆ ಮಾಡುವುದಾದರೆ ಮೃದು ಅಂಗಾಂಶ ಮಾಯಲು ಮೂರು ತಿಂಗಳಾದರೂ ಕೊಡಿ. ಫ್ಲಾಪನ್ನು ಮೇಲೆಳೆದಿದ್ದರಿಂದ ವೆಸ್ಟಿಬ್ಯೂಲ್ ಆಳ ಕಡಿಮೆಯಾಗಿ, ಗಟ್ಟಿ ಒಸಡಿನ ಪಟ್ಟಿ ನಾಲಿಗೆ ಕಡೆ ಸರಿದಿರುತ್ತದೆ. 2 ಮಿ.ಮೀ. ಗಟ್ಟಿ ಒಸಡೂ ಉಳಿದಿಲ್ಲ ಅಂದರೆ ಮೊದಲು ಅಂಗುಳದಿಂದ ಫ್ರೀ ಜಿಂಜೈವಲ್ ಗ್ರಾಫ್ಟ್ (ಗಟ್ಟಿ ಒಸಡಿನ ತುಂಡು) ತಂದು ಕೂರಿಸಿ, ಅದು ಹಿಡಿದ ಮೇಲೆ ಮೂಳೆಯ ಮಾತು. ಈ ರೋಗಿ ಅಷ್ಟು ದೂರದಿಂದ ಪ್ರತಿ ವಾರ ಬರಲಾರೆ ಅಂದರೆ ಮನೆಯಲ್ಲಿ ಫೋಟೋ ತೆಗೆಯುವವರಿಗೆ ಕೆನ್ನೆ ಎಳೆದು ಹಿಡಿಯುವುದನ್ನು ಕ್ಲಿನಿಕ್ಕಿನಲ್ಲೇ ತೋರಿಸಿಕೊಡಿ. ಆದರೆ ಒತ್ತಿ ಕೀವು ನೋಡುವುದು ಫೋಟೋದಲ್ಲಿ ಆಗುವುದಿಲ್ಲ, ಹದಿನೈದು ದಿನಕ್ಕೊಮ್ಮೆಯಾದರೂ ಕುರ್ಚಿಯಲ್ಲಿ ಕೂರಿಸಲೇಬೇಕು.